ಬೆಂಗಳೂರು–ದೆಹಲಿ ವಿಮಾನ ದೂರ: ಒಂದೊಂದು ಕಡೆ ಒಂದೊಂದು ಲೆಕ್ಕ, ಸಮಯವೂ ತಾಳೆಯಾಗುತ್ತಿಲ್ಲ

ದೇವನಹಳ್ಳಿ_ಚಕೋತ ಕೇಳಿದ್ದು:

ನಮಸ್ಕಾರ. ಜನವರಿಯಲ್ಲಿ ಇಬ್ಬರು ಹಿರಿಯರಿಗೆ ಬೆಂಗಳೂರು–ದೆಹಲಿ, ಅಲ್ಲಿಂದ ಲಂಡನ್ ಪ್ರಯಾಣ ಜೋಡಿಸಬೇಕು. ಎರಡೂ ಬೇರೆ ಬೇರೆ ಟಿಕೆಟ್, ಬೇರೆ ಬೇರೆ ಕಂಪನಿ. ಮೊದಲ ಹಂತದ ಲೆಕ್ಕವೇ ಕೂಡಿಬರುತ್ತಿಲ್ಲ.

ದೂರ ಒಂದು ಸೈಟಿನಲ್ಲಿ 1,702 ಕಿ.ಮೀ., ಇನ್ನೊಂದರಲ್ಲಿ 1,709, ಮತ್ತೊಂದರಲ್ಲಿ 1,740. ಇನ್ನೆರಡು ಕಡೆ ಮೈಲಿಯೋ ಕಿಲೋಮೀಟರೋ ಹೇಳದೆ 1,058, 919 ಅಂತ ಹಾಕಿದ್ದಾರೆ. ಯಾವುದನ್ನು ನಂಬುವುದು?

ವಿಮಾನ ಗಂಟೆಗೆ 850 ಕಿ.ಮೀ. ಹಾರುತ್ತದೆ ಅಂದರೆ ಎರಡು ಗಂಟೆಯಲ್ಲಿ ಮುಗಿಯಬೇಕು. ಟಿಕೆಟ್‌ನಲ್ಲಿ 2 ಗಂಟೆ 50 ನಿಮಿಷ ಇದೆ. ಟ್ರ್ಯಾಕಿಂಗ್ ಆ್ಯಪ್ ನೋಡಿದರೆ ಅದೇ ವಿಮಾನ ನಿನ್ನೆ 2 ಗಂಟೆ 20 ನಿಮಿಷದಲ್ಲಿ ಹೋಗಿದೆ. ಉಳಿದ ಅರ್ಧ ಗಂಟೆಯನ್ನು ಕಂಪನಿಯವರು ಸುಮ್ಮನೆ ಸೇರಿಸುತ್ತಾರಾ? ಚಳಿಗಾಲದ ಗಾಳಿ, ಮಂಜಿನಿಂದ ಎಷ್ಟು ವ್ಯತ್ಯಾಸವಾಗುತ್ತದೆ? ಇಳಿಯುವುದು ಟರ್ಮಿನಲ್ 1ರಲ್ಲಿ, ಲಂಡನ್ ವಿಮಾನ ಟರ್ಮಿನಲ್ 3ರಿಂದ. ನಡುವೆ ಎಷ್ಟು ಹೊತ್ತು ಬಿಡಬೇಕು?

---

ಅಕ್ಷಾಂಶ_ರೇಖಾಂಶ ಉತ್ತರ:

ನೀವು ಬರೆದ ಐದು ಅಂಕಿಯೂ ಸರಿಯೇ. ಅಳೆದ ರೀತಿ ಬೇರೆ, ಅಷ್ಟೇ.

919 ಎಂಬುದು ನಾಟಿಕಲ್ ಮೈಲಿ, 1,058 ಸಾಮಾನ್ಯ ಮೈಲಿ. ಒಂದು ನಾಟಿಕಲ್ ಮೈಲಿಗೆ 1.852 ಕಿ.ಮೀ., ಸಾಮಾನ್ಯ ಮೈಲಿಗೆ 1.609. ಗುಣಿಸಿ ನೋಡಿ, ಎರಡೂ 1,702ಕ್ಕೇ ಬರುತ್ತವೆ. 1,740 ಎನ್ನುವುದು ಊರಿನ ನಡುಮಧ್ಯದಿಂದ ಊರಿನ ನಡುಮಧ್ಯಕ್ಕೆ. ನಮ್ಮ ವಿಮಾನ ನಿಲ್ದಾಣ ಮೆಜೆಸ್ಟಿಕ್‌ಗಿಂತ ಉತ್ತರಕ್ಕಿದೆ, ದೆಹಲಿಯ ನಿಲ್ದಾಣವಿರುವ ಪಾಲಂ ಊರ ನಡುವಿನ ಕನಾಟ್ ಪ್ಲೇಸ್‌ಗಿಂತ ದಕ್ಷಿಣಕ್ಕಿದೆ. ಎರಡೂ ತುದಿಯಲ್ಲಿ ಸ್ವಲ್ಪ ಸ್ವಲ್ಪ ಕಡಿಮೆಯಾಗಿ ನಿಲ್ದಾಣದಿಂದ ನಿಲ್ದಾಣಕ್ಕೆ ಮೂವತ್ತು ನಲವತ್ತು ಕಿ.ಮೀ. ಉಳಿತಾಯವಾಗುತ್ತದೆ. ರಸ್ತೆಯಲ್ಲಾದರೆ ಹೈದರಾಬಾದ್, ನಾಗ್ಪುರ, ಝಾನ್ಸಿ ಮೇಲೆ ಸುಮಾರು 2,150 ಕಿ.ಮೀ.; ಅದನ್ನು ವಿಮಾನ ದೂರದ ಜೊತೆ ಬೆರೆಸಬೇಡಿ.

1,702 ಮತ್ತು 1,709ರ ನಡುವಿನ ಏಳು ಕಿ.ಮೀ. ಬಂದದ್ದು ಭೂಮಿಯ ಆಕಾರದಿಂದ. ಭೂಮಿಯನ್ನು ಶುದ್ಧ ಗೋಳ ಎಂದು ಹಿಡಿದರೆ 1,709. ಧ್ರುವಗಳಲ್ಲಿ ಚಪ್ಪಟೆಯಾದ ನಿಜವಾದ ಆಕಾರ, ಅಂದರೆ ಜಿಪಿಎಸ್ ಬಳಸುವ ಡಬ್ಲ್ಯೂಜಿಎಸ್-84 ಹಿಡಿದರೆ 1,702. ಸಮಭಾಜಕದ ಹತ್ತಿರ ಒಂದು ಡಿಗ್ರಿ ಅಕ್ಷಾಂಶಕ್ಕೆ 110.6 ಕಿ.ಮೀ., ಧ್ರುವದ ಹತ್ತಿರ 111.7. ನಮ್ಮ ದಾರಿ ಪೂರ್ತಿ ಕೆಳಗಿನ ಅಕ್ಷಾಂಶಗಳಲ್ಲಿದೆ, ಹಾಗಾಗಿ ಗೋಳದ ಲೆಕ್ಕ ಸ್ವಲ್ಪ ಹೆಚ್ಚು ತೋರಿಸುತ್ತದೆ.

ಈ ಜೋಡಿಯ ಒಂದು ಅನುಕೂಲ ಏನೆಂದರೆ ಎರಡೂ ನಿಲ್ದಾಣ ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿವೆ. ಕಾಗದದ ಮೇಲೇ ಲೆಕ್ಕ ಹಾಕಬಹುದು:

ಬೆಂಗಳೂರು: 13.20 ಉತ್ತರ, 77.71 ಪೂರ್ವ
ದೆಹಲಿ: 28.57 ಉತ್ತರ, 77.11 ಪೂರ್ವ
ಅಕ್ಷಾಂಶದ ವ್ಯತ್ಯಾಸ 15.37. ಒಂದು ಡಿಗ್ರಿಗೆ 60 ನಾಟಿಕಲ್ ಮೈಲಿಯಂತೆ 922.2.
ರೇಖಾಂಶದ ವ್ಯತ್ಯಾಸ 0.60. ಇದನ್ನು ಸರಾಸರಿ ಅಕ್ಷಾಂಶದ, ಅಂದರೆ 20.9 ಡಿಗ್ರಿಯ ಕೊಸೈನ್ 0.934ರಿಂದ ಗುಣಿಸಿ, ಮತ್ತೆ 60ರಿಂದ ಗುಣಿಸಿದರೆ 33.6.
ಎರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ 922.8 ನಾಟಿಕಲ್ ಮೈಲಿ, ಅಂದರೆ 1,709 ಕಿ.ಮೀ.

ಈ ಸುಲಭದ ದಾರಿ ಒಂದೆರಡು ಸಾವಿರ ಕಿ.ಮೀ. ಒಳಗೆ ಮಾತ್ರ ನಂಬಿಕೆಗೆ ಅರ್ಹ. ಲಂಡನ್‌ನಂಥ ದೂರಕ್ಕೆ ಪೂರ್ತಿ ಸೂತ್ರ ಬೇಕು: ಎರಡು ಅಕ್ಷಾಂಶಗಳ ಸೈನ್‌ಗಳ ಗುಣಲಬ್ಧಕ್ಕೆ, ಎರಡರ ಕೊಸೈನ್‌ಗಳನ್ನು ರೇಖಾಂಶ ವ್ಯತ್ಯಾಸದ ಕೊಸೈನ್‌ನೊಂದಿಗೆ ಗುಣಿಸಿ ಕೂಡಿಸಿ, ಬಂದದ್ದು ಯಾವ ಕೋನದ ಕೊಸೈನ್ ಎಂದು ಹುಡುಕಿ, ಆ ಡಿಗ್ರಿಯನ್ನು 111.195ರಿಂದ ಗುಣಿಸಿ. ಎಕ್ಸೆಲ್‌ನಲ್ಲಿ ಮಾಡುವಾಗ ಮೂರು ಕಡೆ ಎಡವುತ್ತಾರೆ. ಎಕ್ಸೆಲ್‌ಗೆ ಕೋನ ರೇಡಿಯನ್‌ನಲ್ಲಿ ಕೊಡಬೇಕು, ಡಿಗ್ರಿಯಲ್ಲಿ ಕೊಟ್ಟರೆ ತಲೆಬುಡವಿಲ್ಲದ ಉತ್ತರ ಬರುತ್ತದೆ. ಪಶ್ಚಿಮ ರೇಖಾಂಶಕ್ಕೆ ಋಣ ಚಿಹ್ನೆ ಹಾಕಬೇಕು, ಲಂಡನ್‌ನ ಹೀಥ್ರೋ ನಿಲ್ದಾಣಕ್ಕೆ –0.45. ಮೂರನೆಯದು, 28 ಡಿಗ್ರಿ 34 ನಿಮಿಷವನ್ನು 28.34 ಎಂದು ಬರೆದುಬಿಡುವುದು. 34 ನಿಮಿಷ ಅಂದರೆ 60ರಲ್ಲಿ 34, ಅಂದರೆ 0.57. ಈ ಒಂದು ತಪ್ಪಿಗೇ 25 ಕಿ.ಮೀ. ಹೋಗುತ್ತದೆ.

---

ಚಾಕ್ಸ್_ಆಫ್ ಉತ್ತರ:

ದೂರದ ವಿಷಯ ಮೇಲಿನವರು ಹೇಳಿದ್ದಾರೆ. ಸಮಯದ ಲೆಕ್ಕಕ್ಕೆ ಆ 1,709 ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ, ಯಾಕಂದರೆ ಯಾವ ವಿಮಾನವೂ 1,709 ಕಿ.ಮೀ. ಹಾರುವುದಿಲ್ಲ.

ಟಿಕೆಟ್‌ನಲ್ಲಿರುವುದು ಬ್ಲಾಕ್ ಟೈಮ್. ಬೆಂಗಳೂರಿನ ಗೇಟ್‌ನಲ್ಲಿ ಚಕ್ರದ ಅಡೆಗಟ್ಟೆ ತೆಗೆದು ವಿಮಾನ ಹಿಂದಕ್ಕೆ ಸರಿದ ಗಳಿಗೆಯಿಂದ ದೆಹಲಿಯ ಗೇಟ್‌ನಲ್ಲಿ ನಿಂತ ಗಳಿಗೆಯವರೆಗೆ. ಆ್ಯಪ್‌ನಲ್ಲಿ ನೀವು ನೋಡಿದ 2 ಗಂಟೆ 20 ನಿಮಿಷ ಚಕ್ರ ನೆಲ ಬಿಟ್ಟಲ್ಲಿಂದ ನೆಲ ಮುಟ್ಟಿದಲ್ಲಿಗೆ. ಎರಡನ್ನೂ ಒಂದೇ ಎಂದು ಹೋಲಿಸಿದ್ದರಿಂದ ಅರ್ಧ ಗಂಟೆ ಕಳೆದುಹೋದಂತೆ ಕಂಡಿದೆ.

ಏರ್‌ಬಸ್ 320 ಅಥವಾ ಬೋಯಿಂಗ್ 737 ಅಂದುಕೊಂಡು ಬಿಡಿಸಿದರೆ ಹೀಗಿರುತ್ತದೆ:

ಪುಶ್‌ಬ್ಯಾಕ್, ಎಂಜಿನ್ ಸ್ಟಾರ್ಟ್, ರನ್‌ವೇ ತನಕ ಟ್ಯಾಕ್ಸಿ (ನೆಲದ ಮೇಲೆ ಉರುಳಿಕೊಂಡು ಹೋಗುವುದು): 15 ನಿಮಿಷ. ಬೆಳಿಗ್ಗೆ 6ರಿಂದ 8ರ ಸಾಲಿನಲ್ಲಿ ಸಿಕ್ಕಿಕೊಂಡರೆ 25.
35,000 ಅಡಿಗೆ ಏರಲು: 22 ನಿಮಿಷ, ಅಷ್ಟರಲ್ಲಿ 210 ಕಿ.ಮೀ. ಸಾಗಿರುತ್ತದೆ.
ಮೇಲಿನ ಸಮತಟ್ಟು ಹಾರಾಟ: 1,350 ಕಿ.ಮೀ. ಗಂಟೆಗೆ 840ರಂತೆ 96 ನಿಮಿಷ.
ಇಳಿಕೆ ಮತ್ತು ಅಪ್ರೋಚ್: 240 ಕಿ.ಮೀ., 27 ನಿಮಿಷ.
ದೆಹಲಿಯಲ್ಲಿ ಟ್ಯಾಕ್ಸಿ: 10 ನಿಮಿಷ.

ಕೂಡಿಸಿದರೆ 2 ಗಂಟೆ 50 ನಿಮಿಷ. ಗಾಳಿಯಲ್ಲಿದ್ದದ್ದು 2 ಗಂಟೆ 25.

ಹಾರಿದ ದೂರ 1,800 ಆಗಿದ್ದು ಗಮನಿಸಿ, ನಕ್ಷೆಯ ದೂರಕ್ಕಿಂತ ಶೇ 5ರಷ್ಟು ಹೆಚ್ಚು. ಇದರಲ್ಲಿ ದೊಡ್ಡ ಪಾಲು ರನ್‌ವೇಗಳ ದಿಕ್ಕಿನದು. ಬೆಂಗಳೂರಿನ ಎರಡೂ ರನ್‌ವೇ ಪೂರ್ವ–ಪಶ್ಚಿಮ. ದೆಹಲಿಯ ನಾಲ್ಕೂ ಹೆಚ್ಚುಕಡಿಮೆ ಪೂರ್ವ–ಪಶ್ಚಿಮವೇ. ದಾರಿ ಮಾತ್ರ ದಕ್ಷಿಣೋತ್ತರ. ಚಳಿಗಾಲದಲ್ಲಿ ಇಲ್ಲಿ ಮೂಡಣ ಗಾಳಿ ಇದ್ದರೆ ಪೂರ್ವಕ್ಕೆ ಮುಖಮಾಡಿ ಏರಿ ಉತ್ತರಕ್ಕೆ ತಿರುಗಬೇಕು. ಅಲ್ಲಿ ಪಡುವಣ ಗಾಳಿ ಇದ್ದರೆ ದಕ್ಷಿಣದಿಂದ ಬಂದವರು ಊರಿನ ಪೂರ್ವಕ್ಕೆ ಹೋಗಿ, ಸಾಲಿಗೆ ಸೇರಿ, ಪಶ್ಚಿಮಕ್ಕೆ ಮುಖಮಾಡಿ ಇಳಿಯಬೇಕು. ಜೊತೆಗೆ ನಡುವಿನ ದಾರಿಯೂ ಹಗ್ಗ ಎಳೆದಂತೆ ನೇರ ಇರುವುದಿಲ್ಲ; ನಿಗದಿತ ಬಿಂದುಗಳನ್ನು ಮುಟ್ಟಿಕೊಂಡು, ಸೇನೆಯ ವಾಯುಪ್ರದೇಶಗಳನ್ನು ತಪ್ಪಿಸಿಕೊಂಡು ಹೋಗಬೇಕು. 10,000 ಅಡಿಯ ಕೆಳಗೆ ವೇಗ 250 ನಾಟ್, ಅಂದರೆ ಸುಮಾರು 460 ಕಿ.ಮೀ. ಮೀರುವಂತಿಲ್ಲ. 850 ಎಂಬ ವೇಗ ಮೇಲೆ ಇದ್ದಾಗಿನ ಮಾತು ಮಾತ್ರ.

ದೆಹಲಿಯ 10 ನಿಮಿಷದ ಟ್ಯಾಕ್ಸಿಯನ್ನು ಕಣ್ಣುಮುಚ್ಚಿ ನಂಬಬೇಡಿ. ಟರ್ಮಿನಲ್ 1 ಇರುವುದು ಉತ್ತರದ 09/27 ರನ್‌ವೇ ಬಳಿ. ದಕ್ಷಿಣದ 11/29 ಜೋಡಿಯಲ್ಲಿ ಇಳಿಸಿದರೆ ನಿಲ್ದಾಣದ ಈ ತುದಿಯಿಂದ ಆ ತುದಿಗೆ ಉರುಳಿಕೊಂಡು ಬರಬೇಕು, 20 ನಿಮಿಷ ಹಿಡಿದರೂ ಆಶ್ಚರ್ಯವಿಲ್ಲ. 2023ರ ಜುಲೈನಲ್ಲಿ ನಾಲ್ಕನೇ ರನ್‌ವೇ ಜೊತೆ ಪೂರ್ವದ ಅಡ್ಡ ಟ್ಯಾಕ್ಸಿವೇ ಶುರುವಾದ ಮೇಲೆ ಈ ಸುತ್ತು ಕಡಿಮೆಯಾಗಿದೆ.

ಕಂಪನಿ ಸುಮ್ಮನೆ ಸೇರಿಸುತ್ತದೆಯೇ ಎಂದರೆ, ಸ್ವಲ್ಪ ಸೇರಿಸುತ್ತದೆ. ನಿಗದಿತ ಸಮಯದಿಂದ 15 ನಿಮಿಷದೊಳಗೆ ಬಂದದ್ದೆಲ್ಲ ‘ಸಮಯಕ್ಕೆ ಸರಿಯಾಗಿ’ ಎಂದೇ ಎಣಿಕೆ. ಐದು ಹತ್ತು ನಿಮಿಷ ಹೆಚ್ಚು ಬರೆದುಕೊಂಡರೆ ಆ ಅಂಕಿ ಚೆನ್ನಾಗಿ ಕಾಣುತ್ತದೆ. ಒಂದೇ ಮಾರ್ಗಕ್ಕೆ ಒಬ್ಬರು 2:45, ಇನ್ನೊಬ್ಬರು 2:55 ಎಂದು ಹಾಕುವುದಕ್ಕೆ ವಿಮಾನದ ವೇಗ ಕಾರಣವಲ್ಲ.

ಬ್ಲಾಕ್ ಟೈಮ್ ನಿಮ್ಮ ಹಕ್ಕಿಗೂ ಸಂಬಂಧಿಸಿದ್ದು, ಇದನ್ನು ಹೆಚ್ಚಿನವರು ಗಮನಿಸುವುದಿಲ್ಲ. ವಿಮಾನಯಾನ ನಿಯಂತ್ರಕ ಡಿಜಿಸಿಎ ನಿಯಮದಂತೆ ಬ್ಲಾಕ್ ಟೈಮ್ ಎರಡೂವರೆ ಗಂಟೆಯೊಳಗಿನ ವಿಮಾನ 2 ಗಂಟೆ ತಡವಾದರೆ ಊಟ ತಿಂಡಿ ಕೊಡಬೇಕು. ಎರಡೂವರೆಯಿಂದ ಐದು ಗಂಟೆಯದಾದರೆ 3 ಗಂಟೆ ತಡವಾಗಬೇಕು. ದೆಹಲಿ ವಿಮಾನ ಎರಡನೇ ಗುಂಪಿನಲ್ಲಿ ಬರುತ್ತದೆ. ಮುಂಚಿತವಾಗಿ ತಿಳಿಸದೆ ರದ್ದು ಮಾಡಿದರೆ ಪರಿಹಾರವೂ ಇದೇ ಲೆಕ್ಕದಲ್ಲಿ: 2 ಗಂಟೆ ಮೀರಿದ ಬ್ಲಾಕ್ ಟೈಮ್‌ಗೆ 10,000 ರೂಪಾಯಿ ಅಥವಾ ಮೂಲ ದರ ಮತ್ತು ಇಂಧನ ಶುಲ್ಕ, ಯಾವುದು ಕಡಿಮೆಯೋ ಅದು. ಮಂಜಿನಂಥ ಕಾರಣಕ್ಕೆ ರದ್ದಾದರೆ ಪರಿಹಾರ ಇಲ್ಲ, ಹಣ ವಾಪಸ್ ಅಥವಾ ಬೇರೆ ವಿಮಾನ ಅಷ್ಟೇ.

---

ಹುಬ್ಬಳ್ಳಿ_ಗಿರ್ಮಿಟ್ ಉತ್ತರ:

ನಡುವ ಬಾಯಿ ಹಾಕೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಹುಬ್ಬಳ್ಳಿ–ಬೆಂಗಳೂರು ವಿಮಾನ ದೂರ 370 ಕಿ.ಮೀ. ಆಸುಪಾಸು. ಅದಕ್ಕ ತಾಸು ಹತ್ತು ನಿಮಿಷ ಹಾಕ್ತಾರ, ಕೆಲವೊಂದಕ್ಕ ತಾಸು ಇಪ್ಪತ್ತು. ಇಷ್ಟ ಸಣ್ಣ ದೂರಕ್ಕ ಅಷ್ಟು ಫರಕ್ ಯಾಕ?

ಇನ್ನೊಂದ್ ಮಾತು. ಭೂಮಿ ಪಶ್ಚಿಮದಿಂದ ಪೂರ್ವಕ್ಕ ತಿರಗತೈತಿ. ಅಂದಮ್ಯಾಲ ಪಶ್ಚಿಮಕ್ಕ ಹೊಂಟ ವಿಮಾನಕ್ಕ ಲಂಡನ್ ತಾನ ಎದುರು ಬಂದಂಗ ಆತಲ್ರೀ, ಲಗೂ ಮುಟ್ಟಬೇಕು. ಖರೇ ನೋಡಿದ್ರ ಹೋಗಾಕನ ಹೆಚ್ಚು ಹೊತ್ತು ಹಿಡಿತೈತಿ. ಯಾಕ?

---

ಚಾಕ್ಸ್_ಆಫ್ ಉತ್ತರ:

@ಹುಬ್ಬಳ್ಳಿ_ಗಿರ್ಮಿಟ್ ಮೊದಲನೆಯದಕ್ಕೆ ಉತ್ತರ ವಿಮಾನದ ಜಾತಿ. ಎಟಿಆರ್ 72 ಹೊರಗೆ ಫ್ಯಾನ್ (ಪ್ರೊಪೆಲ್ಲರ್) ಇರುವ ವಿಮಾನ, ಗಂಟೆಗೆ 510 ಕಿ.ಮೀ. ಸುಮಾರು. ಜೆಟ್ 840 ಹಾರುತ್ತದೆ, ಆದರೆ 370 ಕಿ.ಮೀ.ಯಲ್ಲಿ ಅದು ಪೂರ್ತಿ ವೇಗದಲ್ಲಿ ಇರುವ ಹೊತ್ತೇ ಕಡಿಮೆ. ಏರಿ ಮುಗಿಯುವಷ್ಟರಲ್ಲಿ ಇಳಿಯುವ ಸಮಯ. ಹಾಗಾಗಿ ಉಳಿತಾಯ ಹತ್ತು ಹದಿನೈದು ನಿಮಿಷ ಮಾತ್ರ. ಹತ್ತಿರದ ಊರುಗಳಿಗೆ ದೂರವನ್ನು ವೇಗದಿಂದ ಭಾಗಿಸುವ ಲೆಕ್ಕ ಇನ್ನೂ ಕೆಡುತ್ತದೆ. ಮಂಗಳೂರು ಬೆಂಗಳೂರಿನಿಂದ 305 ಕಿ.ಮೀ., ಜೆಟ್‌ಗೂ ಟಿಕೆಟ್‌ನಲ್ಲಿ ಒಂದು ಗಂಟೆ ಮೇಲೆಯೇ.

2020ರ ಮೇನಲ್ಲಿ ಲಾಕ್‌ಡೌನ್ ನಂತರ ವಿಮಾನ ಶುರುವಾದಾಗ ಕೇಂದ್ರ ಸರ್ಕಾರ ಟಿಕೆಟ್ ದರಕ್ಕೆ ಮಿತಿ ಹಾಕಿತಲ್ಲ, ಆಗಲೂ ಕಿಲೋಮೀಟರ್ ಕೈಬಿಟ್ಟು ಪ್ರಯಾಣದ ಅವಧಿ ಹಿಡಿದೇ ಏಳು ವರ್ಗ ಮಾಡಿತ್ತು.

---

ಜೆಟ್_ಸ್ಟ್ರೀಮ್ ಉತ್ತರ:

ಎರಡನೇ ಪ್ರಶ್ನೆ ನನಗಿರಲಿ. ಭೂಮಿ ತಿರುಗುವಾಗ ಗಾಳಿಯೂ ಜೊತೆಗೇ ತಿರುಗುತ್ತದೆ, ವಿಮಾನ ಆ ಗಾಳಿಯೊಳಗೇ ಹಾರುತ್ತದೆ. ಹಾಗಾಗಿ ಆ ಲಾಭ ಸಿಗುವುದಿಲ್ಲ. ವ್ಯತ್ಯಾಸ ಮಾಡುವುದು ನೆಲಕ್ಕೆ ಹೋಲಿಸಿದರೆ ಗಾಳಿ ಎತ್ತ ಬೀಸುತ್ತಿದೆ ಎಂಬುದು. ಮಧ್ಯ ಅಕ್ಷಾಂಶಗಳಲ್ಲಿ ಎತ್ತರದ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಲಂಡನ್‌ಗೆ ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನುಗಾಳಿ.

ಚಳಿಗಾಲದಲ್ಲಿ ಈ ಪಶ್ಚಿಮದ ಜೆಟ್ ಪ್ರವಾಹ ಉತ್ತರ ಭಾರತದ ಮೇಲೇ, 25ರಿಂದ 30 ಡಿಗ್ರಿ ಅಕ್ಷಾಂಶದಲ್ಲಿ ಇರುತ್ತದೆ. 12 ಕಿ.ಮೀ. ಎತ್ತರದಲ್ಲಿ 100 ನಾಟ್ ಅಪರೂಪವಲ್ಲ. ಆದರೆ ಬೆಂಗಳೂರು–ದೆಹಲಿ ವಿಮಾನಕ್ಕೆ ಅದು ಪಕ್ಕದಿಂದ ಬೀಸುವ ಗಾಳಿ. 450 ನಾಟ್ ವೇಗದ ವಿಮಾನ 100 ನಾಟ್ ಅಡ್ಡಗಾಳಿಯಲ್ಲಿ ಮೂತಿ ಪಶ್ಚಿಮಕ್ಕೆ ತುಸು ಓರೆ ಮಾಡಿ ಹಾರಿದರೆ ನೆಲದ ಮೇಲಿನ ವೇಗ 439 ನಾಟ್. ದಾರಿಯ ಕೊನೆಯ ಮೂರನೇ ಒಂದು ಭಾಗದಲ್ಲಿ ಮಾತ್ರ ಆ ಗಾಳಿ ಸಿಗುವುದರಿಂದ ನಷ್ಟ ಒಂದೆರಡು ನಿಮಿಷ. ಹೋಗಲು ಬರಲು ಟಿಕೆಟ್‌ನಲ್ಲಿ ಹೆಚ್ಚುಕಡಿಮೆ ಒಂದೇ ಅವಧಿ ಇರುವುದಕ್ಕೆ ಇದೇ ಕಾರಣ.

ಮುಂಬೈ–ಕೋಲ್ಕತ್ತ ನೋಡಿ. ದೂರ 1,665 ಕಿ.ಮೀ., ದೆಹಲಿಯಷ್ಟೇ ಅನ್ನಿ. ದಿಕ್ಕು ಪೂರ್ವ–ಪಶ್ಚಿಮ. 60 ನಾಟ್ ಗಾಳಿ ಇದ್ದ ದಿನ ಸಮತಟ್ಟು ಹಾರಾಟದ 700 ನಾಟಿಕಲ್ ಮೈಲಿಗೆ ಹೋಗುವಾಗ 510 ನಾಟ್‌ನಲ್ಲಿ 82 ನಿಮಿಷ, ಬರುವಾಗ 390 ನಾಟ್‌ನಲ್ಲಿ 108 ನಿಮಿಷ. 26 ನಿಮಿಷದ ಅಂತರ. ಒಂದೇ ದೂರ, ಎರಡು ಮಾರ್ಗ, ಎರಡು ಥರದ ಜನವರಿ.

---

ದೇವನಹಳ್ಳಿ_ಚಕೋತ ಉತ್ತರ:

ಎಲ್ಲರಿಗೂ ಧನ್ಯವಾದ. ಈಗ ಲಂಡನ್ ಹಂತ. ಟಿಕೆಟ್‌ನಲ್ಲಿ ಹೊರಡುವುದು, ತಲುಪುವುದು ಎರಡೂ ಸ್ಥಳೀಯ ಸಮಯ. ಗಾಳಿಯಲ್ಲಿ ಎಷ್ಟು ಹೊತ್ತು ಎಂದು ಹೇಗೆ ತಿಳಿಯುವುದು? ದೆಹಲಿ ಸುತ್ತಿ ಹೋಗುವುದರಿಂದ ದೂರ ಬಹಳ ಹೆಚ್ಚಾಗುತ್ತದೆಯೇ?

---

ಅಕ್ಷಾಂಶ_ರೇಖಾಂಶ ಉತ್ತರ:

ದೂರ ಹೆಚ್ಚಾಗುವುದು ಕಡಿಮೆಯೇ. ಬೆಂಗಳೂರು–ಹೀಥ್ರೋ ನೇರ ಸುಮಾರು 8,050 ಕಿ.ಮೀ. ದೆಹಲಿ–ಹೀಥ್ರೋ 6,730, ಅದಕ್ಕೆ 1,709 ಸೇರಿಸಿದರೆ 8,440. ಬರೀ 390 ಕಿ.ಮೀ. ಹೆಚ್ಚು. ದುಬೈ ಮೇಲೆ ಹೋದರೆ 8,190, ಇನ್ನೂ ಕಡಿಮೆ. ಒಂದು ನಿಲುಗಡೆಯ ನಿಜವಾದ ಬೆಲೆ ಇರುವುದು ನೆಲದ ಮೇಲೆ ಕಾಯುವ ಹೊತ್ತಿನಲ್ಲಿ.

ಅವಧಿ ತಿಳಿಯಲು ಎರಡೂ ಸಮಯವನ್ನು ಯುಟಿಸಿಗೆ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಮಾನಕ ಸಮಯಕ್ಕೆ ತನ್ನಿ. ನಮ್ಮದರಿಂದ 5:30 ಕಳೆಯಿರಿ. ಲಂಡನ್‌ನದು ಚಳಿಗಾಲದಲ್ಲಿ ಯುಟಿಸಿಯೇ. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಒಂದು ಗಂಟೆ ಕಳೆಯಬೇಕು. ಉದಾಹರಣೆಗೆ ದೆಹಲಿ ಬಿಡುವುದು 14:00 ಅಂದರೆ 8:30 ಯುಟಿಸಿ. ಜನವರಿಯಲ್ಲಿ ಅಲ್ಲಿ 18:00ಕ್ಕೆ ತಲುಪಿದರೆ ಒಂಬತ್ತೂವರೆ ಗಂಟೆ. ಇದೇ ಎರಡು ಸಮಯ ಜೂನ್ ಟಿಕೆಟ್‌ನಲ್ಲಿದ್ದರೆ ಎಂಟೂವರೆ ಗಂಟೆ. ಗಡಿಯಾರದ ಅಂಕಿ ಮಾತ್ರ ನೋಡಿದರೆ ನಾಲ್ಕೇ ಗಂಟೆಯಂತೆ ಕಾಣುತ್ತದೆ. ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವ ಹಿರಿಯರಿದ್ದರೆ ಈ ಯುಟಿಸಿ ಅವಧಿಯನ್ನೇ ಬರೆದುಕೊಂಡು ವೈದ್ಯರ ಬಳಿ ಹೊತ್ತು ನಿಗದಿ ಮಾಡಿಸಿಕೊಳ್ಳಿ.

ಕಂಪನಿ ಯಾವ ದೇಶದ್ದು ಎಂಬುದೂ ಮುಖ್ಯ. 2019ರ ಫೆಬ್ರುವರಿ ಕೊನೆಯಿಂದ ಜುಲೈ 16ರವರೆಗೆ ಪಾಕಿಸ್ತಾನ ತನ್ನ ಆಕಾಶ ಮುಚ್ಚಿತ್ತು. 2025ರ ಏಪ್ರಿಲ್ 24ರಂದು ಮತ್ತೆ ಮುಚ್ಚಿದಾಗ ಅದು ಭಾರತೀಯ ಕಂಪನಿಗಳಿಗೆ ಮಾತ್ರ. ಆಗ ಅವು ದೆಹಲಿಯಿಂದ ದಕ್ಷಿಣಕ್ಕೆ ಇಳಿದು ಅರಬ್ಬೀ ಸಮುದ್ರದ ಮೇಲೆ ಸುತ್ತಿ ಹೋಗಬೇಕಾಯಿತು, ವಿದೇಶಿ ಕಂಪನಿಗಳಿಗೆ ಹಳೆಯ ದಾರಿಯೇ ಇತ್ತು. ಬೆಂಗಳೂರಿನಿಂದ ನೇರ ದಾರಿಯೂ ಕರಾಚಿ ಬಳಿಯೇ ಹಾಯುತ್ತದೆ, ಆದರೆ ಪಕ್ಕದ ಸಮುದ್ರಕ್ಕೆ ಸರಿದುಕೊಂಡರೆ ಸಾಕು, ದೆಹಲಿಯವರಷ್ಟು ಸುತ್ತಬೇಕಿಲ್ಲ. ಟಿಕೆಟ್ ಕೊಳ್ಳುವ ದಿನ ಎರಡು ಕಂಪನಿಗಳ ಅವಧಿ ಪಕ್ಕಪಕ್ಕ ಇಟ್ಟು ನೋಡಿದರೆ ಆಗಿನ ಪರಿಸ್ಥಿತಿ ತಾನಾಗಿಯೇ ತಿಳಿಯುತ್ತದೆ.

---

ಟರ್ಮಿನಲ್_ಟು_ಟರ್ಮಿನಲ್ ಉತ್ತರ:

ಕೊನೆಯ ಪ್ರಶ್ನೆಗೆ ಯಾರೂ ಬಂದಿಲ್ಲ: ದೆಹಲಿಯಲ್ಲಿ ಎಷ್ಟು ಹೊತ್ತು.

ಬೇರೆ ಬೇರೆ ಟಿಕೆಟ್ ಅಂದರೆ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಯಾರ ಹೊಣೆಯೂ ಅಲ್ಲ, ಲಂಡನ್ ಟಿಕೆಟ್‌ನ ದುಡ್ಡು ಹೋದ ಹಾಗೆ. ಸಾಮಾನು ನೇರವಾಗಿ ಹೋಗುವುದಿಲ್ಲ. ಟರ್ಮಿನಲ್ 1ರ ಬೆಲ್ಟ್‌ನಿಂದ ತೆಗೆದುಕೊಂಡು, ಹೊರಬಂದು, ಟರ್ಮಿನಲ್ 3ರಲ್ಲಿ ಮತ್ತೆ ಕೊಡಬೇಕು. ತೂಕದ ಮಿತಿಯೂ ಎರಡಕ್ಕೆ ಬೇರೆ: ದೇಶೀಯ ಟಿಕೆಟ್‌ಗೆ ಸಾಮಾನ್ಯವಾಗಿ 15 ಕಿಲೋ, ಲಂಡನ್‌ಗೆ ಅದಕ್ಕಿಂತ ಹೆಚ್ಚು. ಲಂಡನ್ ಮಿತಿ ನೋಡಿಕೊಂಡು ತುಂಬಿದವರು ದೇವನಹಳ್ಳಿಯಲ್ಲೇ ಹೆಚ್ಚುವರಿ ಹಣ ಕಟ್ಟುತ್ತಾರೆ. ಮುಂಚೆಯೇ ಆನ್‌ಲೈನ್‌ನಲ್ಲಿ ತೂಕ ಕೊಂಡರೆ ಅಗ್ಗ.

ಹಿಂದಿನಿಂದ ಎಣಿಸಿ. ಲಂಡನ್ ವಿಮಾನಕ್ಕೆ 3 ಗಂಟೆ ಮೊದಲು ಟರ್ಮಿನಲ್ 3ರ ಬಾಗಿಲಲ್ಲಿರಬೇಕು. ಟರ್ಮಿನಲ್‌ಗಳ ನಡುವೆ ಶಟಲ್ ಬಸ್ ಅಥವಾ ಟ್ಯಾಕ್ಸಿ, ಕಾಯುವುದು ಸೇರಿ 45 ನಿಮಿಷ. ಮೆಟ್ರೋ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಎರಡು ಟರ್ಮಿನಲ್‌ಗಳೂ ಬೇರೆ ಬೇರೆ ಲೈನ್‌ನಲ್ಲಿವೆ, ಸಾಮಾನಿನ ಜೊತೆ ಆಗದ ಮಾತು. ವಿಮಾನದಿಂದ ಇಳಿದು ಸಾಮಾನು ಸಿಗಲು 40 ನಿಮಿಷ. ಗಾಲಿಕುರ್ಚಿ ಬೇಕಿದ್ದರೆ ಇನ್ನೊಂದು 15, ಯಾಕೆಂದರೆ ಅವರನ್ನು ಕೊನೆಗೆ ಇಳಿಸುತ್ತಾರೆ. ಇಲ್ಲಿಗೇ ನಾಲ್ಕು ಗಂಟೆ ನಲವತ್ತು ನಿಮಿಷ, ಎಲ್ಲವೂ ಸಮಯಕ್ಕೆ ಸರಿಯಾಗಿ ನಡೆದರೆ.

ಜನವರಿಯಲ್ಲಿ ನಡೆಯುವುದಿಲ್ಲ. ದೆಹಲಿ ಮಂಜು ನಡುರಾತ್ರಿಯಿಂದ ಬೆಳಿಗ್ಗೆ ಹತ್ತರವರೆಗೆ ದಟ್ಟ. ಕ್ಯಾಟ್-3ಬಿ ಎಂಬ, ಮಂಜಿನಲ್ಲಿ ಇಳಿಯುವ ವ್ಯವಸ್ಥೆಯಲ್ಲಿ ತರಬೇತಾದ ಪೈಲಟ್ 50 ಮೀಟರ್ ಕಾಣಿಸಿದರೂ ಇಳಿಯಬಹುದು, ಆದರೆ ಟೇಕಾಫ್‌ಗೆ 125 ಮೀಟರ್ ಕಾಣಿಸಬೇಕು. ಅಂದರೆ ವಿಮಾನಗಳು ಬಂದಿಳಿಯುತ್ತವೆ, ಹೊರಡುವುದಿಲ್ಲ. ಗೇಟ್‌ಗಳೆಲ್ಲ ತುಂಬಿ ಇಳಿದವರು ಟ್ಯಾಕ್ಸಿವೇ ಮೇಲೆ ಕಾಯುತ್ತಾರೆ. ಕ್ಯಾಟ್-3 ಅರ್ಹತೆ ಇಲ್ಲದವರನ್ನು ಜೈಪುರಕ್ಕೋ ಲಖನೌಗೋ ತಿರುಗಿಸುತ್ತಾರೆ. ದೇವನಹಳ್ಳಿಯಲ್ಲೂ ಆ ತಿಂಗಳು ಬೆಳಗಿನ ಜಾವ ಮಂಜು ಇರುತ್ತದೆ, ಆದರೆ ಏಳೆಂಟು ಗಂಟೆಗೆ ಬಿಡುತ್ತದೆ.

ಹಾಗಾಗಿ ದೆಹಲಿಗೆ ಮಧ್ಯಾಹ್ನ 1ರಿಂದ 4ರೊಳಗೆ ಇಳಿಯುವ ವಿಮಾನ ಆರಿಸಿ. ಅಲ್ಲೂ ಒಂದು ಹುಳುಕಿದೆ: ಹತ್ತೂವರೆಗೆ ಬೆಂಗಳೂರು ಬಿಡುವ ವಿಮಾನ ಬೆಳಿಗ್ಗೆ ದೆಹಲಿಯಿಂದಲೇ ಬಂದದ್ದಾಗಿದ್ದರೆ ಅಲ್ಲಿನ ಮಂಜು ಇಲ್ಲಿಗೂ ಬರುತ್ತದೆ. ಫ್ಲೈಟ್‌ರೇಡಾರ್24ರಲ್ಲಿ ಫ್ಲೈಟ್ ನಂಬರ್ ಹಾಕಿ, ಆ ವಿಮಾನದ ವಿಟಿ ಎಂದು ಶುರುವಾಗುವ ನೋಂದಣಿ ಸಂಖ್ಯೆ ಒತ್ತಿದರೆ ಹಿಂದಿನ ಏಳು ದಿನ ಅದು ಎಲ್ಲಿಂದ ಬಂತು, ಎಷ್ಟಕ್ಕೆ ಇಳಿಯಿತು ಎಲ್ಲ ಕಾಣುತ್ತದೆ. ಬೆಳಿಗ್ಗೆ ಚೆನ್ನೈ, ಕೊಚ್ಚಿ ಕಡೆಯಿಂದ ಬರುವ ವಿಮಾನ ಸಿಕ್ಕರೆ ಒಳ್ಳೆಯದು. ವಾರದ ಏಳು ದಿನದಲ್ಲಿ ಅತಿ ತಡವಾದ ದಿನ ಬಿಟ್ಟು ಅದರ ನಂತರ ಹೆಚ್ಚು ತಡವಾದ ದಿನವನ್ನು ನಿಮ್ಮ ಲೆಕ್ಕಕ್ಕೆ ಹಿಡಿಯಿರಿ, ಸರಾಸರಿ ಹಿಡಿಯಬೇಡಿ.

ಲಂಡನ್ ವಿಮಾನ ರಾತ್ರಿಯದಾದರೆ ಮಧ್ಯಾಹ್ನ ಇಳಿದು 8 ಗಂಟೆ ಅಂತರ ಇಟ್ಟುಕೊಳ್ಳಿ. ಮಧ್ಯಾಹ್ನ ಎರಡರೊಳಗಿನದಾದರೆ ಅದೇ ದಿನ ಬೆಂಗಳೂರಿಂದ ಹೊರಡುವ ಯೋಚನೆಯೇ ಬೇಡ. ಹಿಂದಿನ ದಿನ ಹೋಗಿ ಏರೋಸಿಟಿಯಲ್ಲೋ ಮಹಿಪಾಲಪುರದಲ್ಲೋ ರೂಮ್ ಮಾಡಿ.

ಬೆಂಗಳೂರು ಕಡೆ: ಚೆಕ್-ಇನ್ ಕೌಂಟರ್ 60 ನಿಮಿಷ ಮೊದಲು, ಗೇಟ್ 25 ನಿಮಿಷ ಮೊದಲು ಮುಚ್ಚುತ್ತದೆ. ಟರ್ಮಿನಲ್ 1ಓ 2ಓ ಎಂದು ಟಿಕೆಟ್‌ನಲ್ಲಿ ನೋಡಿಕೊಂಡು ಹೊರಡಿ, ಒಂದೇ ಕಂಪನಿಯ ವಿಮಾನಗಳು ಎರಡೂ ಕಡೆ ಇರಬಹುದು. ಜಯನಗರದಿಂದ ಬೆಳಿಗ್ಗೆ ಆರರ ಮೊದಲು ಕಾರಿನಲ್ಲಿ ಒಂದು ಗಂಟೆ ಹತ್ತು ನಿಮಿಷ, ಎಂಟರ ಮೇಲೆ ಹೆಬ್ಬಾಳ ದಾಟುವುದಕ್ಕೇ ಅರ್ಧ ಗಂಟೆ ಬೇರೆ ಇಡಿ.

---

ದೇವನಹಳ್ಳಿ_ಚಕೋತ ಉತ್ತರ:

ಲಂಡನ್ ವಿಮಾನ ಮಧ್ಯಾಹ್ನ ಒಂದೂವರೆಗೆ. ಹಾಗಾದರೆ ಹಿಂದಿನ ದಿನವೇ ಕಳಿಸುತ್ತೇನೆ. ಎರಡನ್ನೂ ಒಂದೇ ಪಿಎನ್‌ಆರ್‌ನಲ್ಲಿ ತೆಗೆದರೆ ಈ ಗೋಳು ತಪ್ಪುತ್ತದೆಯೇ?

---

ಟರ್ಮಿನಲ್_ಟು_ಟರ್ಮಿನಲ್ ಉತ್ತರ:

ಬಹುಪಾಲು ತಪ್ಪುತ್ತದೆ. ಒಂದೇ ಟಿಕೆಟ್ ಆದರೆ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಮುಂದಿನ ವಿಮಾನಕ್ಕೆ ಹಾಕುವುದು ಕಂಪನಿಯ ಕೆಲಸ, ಸಾಮಾನೂ ಲಂಡನ್‌ವರೆಗೆ ಟ್ಯಾಗ್ ಆಗುತ್ತದೆ. ಬೆಂಗಳೂರಿನ ಕೌಂಟರ್‌ನಲ್ಲಿ ಟ್ಯಾಗ್ ಮೇಲೆ ಎಲ್‌ಎಚ್‌ಆರ್ (ಹೀಥ್ರೋ) ಎಂದಿದೆಯೇ ನೋಡಿಕೊಳ್ಳಿ. ಡಿಇಎಲ್ (ದೆಹಲಿ) ಎಂದಿದ್ದರೆ ಅಲ್ಲೇ ಕೇಳಿ ಸರಿಪಡಿಸಿಕೊಳ್ಳಿ. ದರ ಐದಾರು ಸಾವಿರ ಹೆಚ್ಚಾದರೂ ರೂಮಿನ ಬಾಡಿಗೆ ಕಳೆದು ನೋಡಿ.